ಎರಡೂ ವರದಿಗಳು ಪಕ್ಷಪಾತಿ ಎಂದಾದ ಮೇಲೆ ಮುಂದೇನು ಬರೆಯಬೇಕು?

ಪದವಿ ವಿದ್ಯಾರ್ಥಿನಿ

ಒಂದೇ ಘಟನೆಯ ಬಗ್ಗೆ ಎರಡು ಪತ್ರಿಕೆಗಳಲ್ಲಿ ಬಂದ ವರದಿಗಳನ್ನೂ ಅಭಿಪ್ರಾಯ ಬರಹಗಳನ್ನೂ ಹೋಲಿಸಿ, ಅವುಗಳಲ್ಲಿರುವ ಪಕ್ಷಪಾತವನ್ನೂ ವಾದಗಳ ಬಲಾಬಲವನ್ನೂ ವಿಮರ್ಶಿಸಬೇಕೆಂದು ನಮಗೆ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ನಾನು ಆರಿಸಿಕೊಂಡಿರುವುದು ಖಾಸಗಿ ಆಸ್ಪತ್ರೆಯೊಂದರ ನೌಕರರು ನಡೆಸಿದ ಮುಷ್ಕರದ ಸುದ್ದಿಯನ್ನು. ಆಸ್ಪತ್ರೆಯ ಹೆಸರೂ ಪತ್ರಿಕೆಗಳ ಹೆಸರೂ ನನ್ನ ಪ್ರಶ್ನೆಗೆ ಅಗತ್ಯವಿಲ್ಲದ ಕಾರಣ ಬಿಟ್ಟಿದ್ದೇನೆ.

ಮೊದಲ ಪತ್ರಿಕೆಯ ತಲೆಬರಹ "ನೌಕರರ ಮುಷ್ಕರ: ರೋಗಿಗಳ ಪರದಾಟ" ಎಂದಿದೆ. ಎರಡನೆಯದರಲ್ಲಿ ಅದೇ ಸುದ್ದಿ "ಸಂಬಳ ಬಾಕಿ: ಬೀದಿಗಿಳಿದ ಆಸ್ಪತ್ರೆ ನೌಕರರು" ಎಂದು ಬಂದಿದೆ. ಮೊದಲನೆಯದರಲ್ಲಿ ಆಡಳಿತಾಧಿಕಾರಿಗಳು "ಸ್ಪಷ್ಟಪಡಿಸಿದರು", ನೌಕರರ ಸಂಘದ ಅಧ್ಯಕ್ಷರು "ಆರೋಪಿಸಿದರು". ಎರಡನೆಯದರಲ್ಲಿ ಅಧ್ಯಕ್ಷರು "ವಿವರಿಸಿದರು", ಆಡಳಿತಾಧಿಕಾರಿಗಳು "ಸಮರ್ಥಿಸಿಕೊಂಡರು". ಹೊರರೋಗಿ ವಿಭಾಗ ಮುಚ್ಚಿತ್ತೆಂದು ಮೊದಲನೆಯದು ಬರೆದಿದೆ, ಆದರೆ ತುರ್ತು ಚಿಕಿತ್ಸೆ ನಡೆಯುತ್ತಲೇ ಇತ್ತೆಂಬುದು ಅದರಲ್ಲಿ ಇಲ್ಲ. ಎರಡನೆಯದು ತುರ್ತು ಚಿಕಿತ್ಸೆಯ ವಿಷಯ ಹೇಳಿ, ಮುಂದಕ್ಕೆ ಹೋದ ಶಸ್ತ್ರಚಿಕಿತ್ಸೆಗಳ ಮಾತನ್ನೇ ಎತ್ತಿಲ್ಲ.

ಇಷ್ಟನ್ನು ಪಟ್ಟಿ ಮಾಡಿದ ಮೇಲೆ ಬರವಣಿಗೆ ಮುಂದೆ ಸಾಗುತ್ತಿಲ್ಲ. "ಎರಡೂ ಪಕ್ಷಪಾತಿ" ಎಂದು ಬರೆದು ಮುಗಿಸಿದರೆ ಅಂಕ ಬರಬಹುದು, ಆದರೆ ಆ ಆಸ್ಪತ್ರೆಯಲ್ಲಿ ನಿಜವಾಗಿ ಏನಾಯಿತು, ಯಾರ ಮಾತಿನಲ್ಲಿ ನ್ಯಾಯವಿದೆ ಎಂಬುದರ ಬಗ್ಗೆ ನನಗೆ ಮೊದಲಿಗಿಂತ ಹೆಚ್ಚೇನೂ ತಿಳಿದಂತಾಗುವುದಿಲ್ಲ. ಬರೆದವರಿಗೆ ಒಂದು ಕಡೆ ಒಲವಿದೆ ಎಂದು ತೋರಿಸಿಕೊಟ್ಟರೆ ಅವರ ವಾದ ಬಿದ್ದುಹೋಯಿತೆಂದು ಹೇಳಬಹುದೇ? ಯಾರನ್ನೂ ನಂಬದೆ ಇರುವುದನ್ನೇ ವಿಮರ್ಶಾತ್ಮಕ ಚಿಂತನೆ ಎನ್ನುತ್ತಾರೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಉಪಸಂಪಾದಕ

ನಿಮ್ಮ ಪಟ್ಟಿ ಚೆನ್ನಾಗಿದೆ. ಅದರ ಒಂದೊಂದು ಅಂಶವೂ ಹೇಗೆ ಹುಟ್ಟಿತೆಂಬುದು ತಿಳಿದರೆ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದೂ ತಿಳಿಯುತ್ತದೆ ಎಂಬ ಕಾರಣಕ್ಕೆ ಡೆಸ್ಕಿನ, ಅಂದರೆ ವರದಿಗಳನ್ನು ತಿದ್ದಿ ಪುಟಕ್ಕೆ ಹೊಂದಿಸುವ ವಿಭಾಗದ, ಒಳಗಿನ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಸಾಮಾನ್ಯವಾಗಿ ತಲೆಬರಹವನ್ನು ವರದಿಗಾರರು ಕೊಡುವುದಿಲ್ಲ, ಡೆಸ್ಕಿನಲ್ಲಿ ಕುಳಿತವರು ಕೊಡುತ್ತಾರೆ. ಆದ್ದರಿಂದ ತಲೆಬರಹದ ದನಿಯೂ ವರದಿಯ ಒಡಲಿನ ದನಿಯೂ ಬೇರೆಯಾಗಿರುವುದುಂಟು, ಮತ್ತು ಅಂಥ ಕಡೆ "ಈ ವರದಿ ಪಕ್ಷಪಾತಿ" ಎನ್ನುವುದಕ್ಕಿಂತ "ವರದಿಯಲ್ಲಿ ಇಲ್ಲದ ಮಾತನ್ನು ತಲೆಬರಹ ಹೇಳುತ್ತಿದೆ" ಎನ್ನುವುದು ಹೆಚ್ಚು ನಿಖರವಾದ ಟೀಕೆ. ಎರಡನೆಯದಾಗಿ, ಸುದ್ದಿಯನ್ನು ಮುಖ್ಯಾಂಶದಿಂದ ಆರಂಭಿಸಿ ಮಹತ್ವ ಕಡಿಮೆಯಾಗುವ ಕ್ರಮದಲ್ಲಿ ಬರೆಯುವ ರೂಢಿ ಇರುವುದರಿಂದ, ಪುಟದಲ್ಲಿ ಜಾಗ ಸಾಲದಾದಾಗ ಕತ್ತರಿ ಬೀಳುವುದು ಕೊನೆಯ ಪ್ಯಾರಾಗಳಿಗೆ. ತುರ್ತು ಚಿಕಿತ್ಸೆಯ ವಾಕ್ಯ ಹಾಗೆ ಹೋಗಿರಬಹುದು, ಅಥವಾ ಮೊದಲಿನಿಂದಲೂ ಇಲ್ಲದಿರಬಹುದು. ಅದೇ ಪತ್ರಿಕೆಯ ಜಾಲತಾಣದಲ್ಲಿ ಜಾಗದ ಕೊರತೆ ಇರುವುದಿಲ್ಲವಾದ್ದರಿಂದ ಅಲ್ಲಿನ ಆವೃತ್ತಿಯನ್ನು ಓದಿ ನೋಡಿ. ಅಲ್ಲಿ ಆ ವಾಕ್ಯವಿದ್ದರೆ ಒಂದು ಅರ್ಥ, ಅಲ್ಲಿಯೂ ಇಲ್ಲದಿದ್ದರೆ ಇನ್ನೊಂದು ಅರ್ಥ.

ಸುದ್ದಿಯ ಮೂಲದ ವಿಷಯವಂತೂ ಇವೆಲ್ಲಕ್ಕಿಂತ ದೊಡ್ಡದು. ಆಡಳಿತ ಮಂಡಳಿಯ ಬಳಿ ಪ್ರಚಾರ ವಿಭಾಗವಿರುತ್ತದೆ, ಅದು ಕಳಿಸುವ ಪತ್ರಿಕಾ ಪ್ರಕಟಣೆ ಅಚ್ಚಿಗೆ ಸಿದ್ಧವಾದ ವಾಕ್ಯಗಳಲ್ಲಿ ಸಂಜೆಯೊಳಗೆ ಡೆಸ್ಕಿಗೆ ಬಂದಿರುತ್ತದೆ. ನೌಕರರ ಮಾತು ಬೇಕೆಂದರೆ ವರದಿಗಾರರು ಮುಷ್ಕರ ನಡೆಯುವ ಜಾಗಕ್ಕೆ ಹೋಗಿ, ನಾಲ್ಕಾರು ಜನರನ್ನು ಮಾತಾಡಿಸಿ, ಬರೆದುಕೊಂಡು ಬರಬೇಕು. ಯಾರೂ ಯಾವ ಒತ್ತಡವನ್ನೂ ಹೇರದಿದ್ದರೂ ಹೊತ್ತು ಮೀರುತ್ತಿರುವಾಗ ಆಡಳಿತದ ಪ್ರಕಟಣೆಯೇ ಪುಟದಲ್ಲಿ ಹೆಚ್ಚು ಜಾಗ ಪಡೆಯುತ್ತದೆ. ನನ್ನ ಮಟ್ಟಿಗೆ, ದುರುದ್ದೇಶದಿಂದ ಆಗುವ ಪಕ್ಷಪಾತಕ್ಕಿಂತ ಹೀಗೆ ಅನುಕೂಲದಿಂದ ಆಗುವ ಪಕ್ಷಪಾತವೇ ಹೆಚ್ಚು, ಮತ್ತು ಯಾರ ಮೇಲೂ ಬೆರಳು ತೋರಿಸಲಾಗದ ಕಾರಣ ಹೆಚ್ಚು ಬಾಳಿಕೆ ಬರುವುದೂ ಅದೇ.

ಕ್ರಿಯಾಪದಗಳ ಬಗ್ಗೆ ನೀವು ಗಮನಿಸಿರುವುದು ಬಹಳ ಸರಿ. "ಹೇಳಿದರು", "ತಿಳಿಸಿದರು" ಎಂಬೆರಡು ಸಾಕಾಗುವ ಕಡೆ "ಒಪ್ಪಿಕೊಂಡರು", "ಜಾರಿಕೊಂಡರು", "ಬಾಯಿಬಿಟ್ಟರು" ಎಂದೆಲ್ಲ ಬರೆದಾಗ ಓದುಗರ ತೀರ್ಪನ್ನು ನಾವೇ ಬರೆದುಕೊಟ್ಟಂತಾಗುತ್ತದೆ. ಜೊತೆಗೆ ಕರ್ತೃವಿಲ್ಲದ ವಾಕ್ಯಗಳನ್ನೂ ಹುಡುಕಿ. "ಸಂಬಳ ಪಾವತಿಯಾಗಿಲ್ಲ" ಎಂದರೆ ಪಾವತಿಸದೆ ಇರುವವರು ಯಾರು? "ನಷ್ಟವಾಗಿದೆ ಎನ್ನಲಾಗಿದೆ" ಎಂದರೆ ಹಾಗೆಂದವರು ಯಾರು? ಕನ್ನಡದ ಸುದ್ದಿಭಾಷೆಯಲ್ಲಿ ಈ "ಎನ್ನಲಾಗಿದೆ" ಎಷ್ಟು ಸಲೀಸಾಗಿ ಬರುತ್ತದೆಯೆಂದರೆ, ಬರೆಯುವವರಿಗೂ ಓದುವವರಿಗೂ ಅಲ್ಲೊಬ್ಬರು ಕಾಣೆಯಾಗಿದ್ದಾರೆ ಎನಿಸುವುದೇ ಇಲ್ಲ.

ಬೇಸತ್ತ ಓದುಗ

ಇಷ್ಟೊಂದು ಸೂಕ್ಷ್ಮವಾಗಿ ನೋಡುವ ಅಗತ್ಯವಿದೆಯೇ? ಮಾಧ್ಯಮ ಸಂಸ್ಥೆಗಳಿಗೆ ಮಾಲೀಕರಿದ್ದಾರೆ, ಮಾಲೀಕರಿಗೆ ಬೇರೆ ವ್ಯವಹಾರಗಳಿವೆ, ಜಾಹೀರಾತು ಕೊಡುವವರಿಗೆ ನೋವಾಗುವಂಥದ್ದನ್ನು ಯಾರೂ ಬರೆಯುವುದಿಲ್ಲ. ಆಸ್ಪತ್ರೆಗಳು ಎಷ್ಟು ಜಾಹೀರಾತು ಕೊಡುತ್ತವೆ ಎಂಬುದನ್ನು ನೋಡಿದರೆ ಮೊದಲ ವರದಿ ಏಕೆ ಹಾಗಿದೆ ಎಂಬುದು ಅರ್ಥವಾಗುತ್ತದೆ. ನಾನು ಸುದ್ದಿ ಓದುವುದನ್ನು ಬಿಟ್ಟು ನೆಮ್ಮದಿಯಾಗಿದ್ದೇನೆ.

ತರ್ಕಶಾಸ್ತ್ರದ ಅಧ್ಯಾಪಕಿ

ಮಾಲೀಕತ್ವದ ಬಗ್ಗೆ ಮೇಲಿನವರು ಹೇಳಿದ್ದು ಗಂಭೀರವಾದ ಮಾತು, ಅದನ್ನು ತಳ್ಳಿಹಾಕಬಾರದು. ಆದರೆ ಅದರಿಂದ ಅವರು ತಲುಪಿರುವ ಜಾಗಕ್ಕೆ ತರ್ಕ ನಮ್ಮನ್ನು ಕರೆದೊಯ್ಯುವುದಿಲ್ಲ. ಒಂದು ಮಾತು ಎಲ್ಲಿಂದ ಬಂತೆಂಬುದು ಅದನ್ನು ಎಷ್ಟು ಎಚ್ಚರಿಕೆಯಿಂದ ಪರೀಕ್ಷಿಸಬೇಕೆಂಬುದನ್ನು ಹೇಳುತ್ತದೆ, ಅದು ನಿಜವೋ ಸುಳ್ಳೋ ಎಂಬುದನ್ನು ಹೇಳುವುದಿಲ್ಲ. ವಿದ್ಯಾರ್ಥಿನಿಯ ಮೊದಲ ಪ್ರಶ್ನೆಗೆ ನನ್ನ ನೇರ ಉತ್ತರ ಇಷ್ಟೇ: ಒಲವು ತೋರಿಸಿಕೊಟ್ಟರೆ ವಾದ ಬೀಳುವುದಿಲ್ಲ, ವಾದವನ್ನು ವಾದವಾಗಿಯೇ ಪರೀಕ್ಷಿಸಬೇಕು. ಸಾಕ್ಷಿ ಹೇಳಿಕೆಯ ವಿಷಯ ಸ್ವಲ್ಪ ಬೇರೆ. ಒಬ್ಬರು "ನಾನು ಕಂಡೆ" ಎಂದಾಗ ಅವರ ಹಿತಾಸಕ್ತಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು, ಏಕೆಂದರೆ ಅಲ್ಲಿ ನಾವು ಅವರ ಮಾತನ್ನೇ ಆಧರಿಸಿರುತ್ತೇವೆ. ಆದರೆ "ಇದರಿಂದ ಇದು ಸಿದ್ಧವಾಗುತ್ತದೆ" ಎಂದಾಗ ಆಧಾರವೂ ತೀರ್ಮಾನವೂ ನಮ್ಮ ಕಣ್ಣಮುಂದೆಯೇ ಇರುತ್ತವೆ, ಹೇಳಿದವರು ಯಾರಾದರೇನು.

ಭಾರತದ ಪ್ರಾಚೀನ ತರ್ಕಪರಂಪರೆಯಾದ ನ್ಯಾಯದರ್ಶನದವರು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಸತ್ಯವನ್ನು ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೆಂಬ ಯಾವ ಪಕ್ಷವನ್ನೂ ಸ್ಥಾಪಿಸದೆ ಎದುರಿನವರದನ್ನು ಕೆಡವುತ್ತ ಹೋಗುವುದು ವಿತಂಡ. "ಎಲ್ಲರೂ ಪಕ್ಷಪಾತಿಗಳು" ಎಂಬಲ್ಲಿ ನಿಲ್ಲುವ ವಿಮರ್ಶೆ ಈ ಮೂರನೆಯದಕ್ಕೆ ಬಹಳ ಹತ್ತಿರವಾಗಿದೆ ಎಂಬುದೇ ನನ್ನ ಆತಂಕ. ಅದು ಎಚ್ಚರದ ಹಾಗೆ ಕಾಣುತ್ತದೆ, ಆದರೆ ಹಾಗೆ ನಿಂತವರಿಗೆ ಸುಳ್ಳು ಹೇಳಿದವರೂ ನಿಜ ಹೇಳಿದವರೂ ಒಂದೇ ಆಗಿಬಿಡುತ್ತಾರೆ. ಅದರ ಲಾಭ ಸಿಗುವುದು ಸುಳ್ಳು ಹೇಳಿದವರಿಗೆ.

ನೀವು ಅಭಿಪ್ರಾಯ ಬರಹಗಳ ವಾದಗಳನ್ನು ಇಲ್ಲಿ ಹಾಕಿಲ್ಲ. ಸಾಧ್ಯವಾದರೆ ಒಂದೊಂದನ್ನು ಎರಡು ಮೂರು ವಾಕ್ಯಗಳಲ್ಲಿ ಬರೆಯಿರಿ. ಬರೆಯುವಾಗ ಪೂರ್ವಪಕ್ಷವನ್ನು, ಅಂದರೆ ನಾವು ಪರೀಕ್ಷಿಸಲಿರುವ ಎದುರಿನವರ ವಾದವನ್ನು, ಹೇಳುವ ಕ್ರಮವನ್ನು ಪಾಲಿಸಿ: ಅದನ್ನು ಬರೆದವರೇ ಓದಿದರೂ "ಹೌದು, ನಾನು ಹೇಳಿದ್ದು ಇದನ್ನೇ" ಎನ್ನುವಂತಿರಬೇಕು.

ಪದವಿ ವಿದ್ಯಾರ್ಥಿನಿ

ಧನ್ಯವಾದಗಳು ಸರ್, ಧನ್ಯವಾದಗಳು ಮೇಡಂ. ಮೊದಲ ಪತ್ರಿಕೆಯ ಜಾಲತಾಣದ ಆವೃತ್ತಿಯನ್ನು ನೋಡಿದೆ, ಅಲ್ಲಿಯೂ ತುರ್ತು ಚಿಕಿತ್ಸೆಯ ವಾಕ್ಯವಿಲ್ಲ. ವಾದಗಳು ಹೀಗಿವೆ.

ಮೊದಲ ಪತ್ರಿಕೆಯ ಸಂಪಾದಕೀಯ: ಆಸ್ಪತ್ರೆಯ ಸೇವೆ ಜೀವರಕ್ಷಣೆಗೆ ಸಂಬಂಧಿಸಿದ ಅಗತ್ಯ ಸೇವೆ. ಅದು ಒಂದು ದಿನ ನಿಂತರೂ ತಪ್ಪೇ ಮಾಡದ ರೋಗಿಗಳಿಗೆ ತೊಂದರೆಯಾಗುತ್ತದೆ. ಆದ್ದರಿಂದ ಬೇಡಿಕೆ ಎಷ್ಟೇ ನ್ಯಾಯಯುತವಾಗಿದ್ದರೂ ಆಸ್ಪತ್ರೆಯಲ್ಲಿ ಮುಷ್ಕರ ನಡೆಸುವುದು ಸಮರ್ಥನೀಯವಲ್ಲ.

ಎರಡನೆಯ ಪತ್ರಿಕೆಯ ಅಂಕಣ: ನಷ್ಟದಲ್ಲಿದ್ದೇವೆ, ಅದಕ್ಕಾಗಿ ಸಂಬಳ ತಡವಾಗಿದೆ ಎಂದು ಆಡಳಿತ ಮಂಡಳಿ ಹೇಳುತ್ತಿದೆ. ಆದರೆ ಇದೇ ಮಂಡಳಿ ಕಳೆದ ವರ್ಷ ಹೊಸ ಕಟ್ಟಡ ಕಟ್ಟಿಸಿದೆ. ಆದ್ದರಿಂದ ನಷ್ಟದ ಮಾತು ಸುಳ್ಳು, ಸಂಬಳ ತಡೆಹಿಡಿದದ್ದು ಬೇಕೆಂದೇ.

ನನಗೆ ಎರಡನೆಯದು ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಅದರಲ್ಲಿ ಒಂದು ಸಂಗತಿಯ ಆಧಾರವಿದೆ, ಮೊದಲನೆಯದರಲ್ಲಿ ತತ್ತ್ವದ ಮಾತು ಮಾತ್ರ ಇದೆ.

ತರ್ಕಶಾಸ್ತ್ರದ ಅಧ್ಯಾಪಕಿ

ಎರಡನ್ನೂ ನ್ಯಾಯವಾಗಿ ಸಂಗ್ರಹಿಸಿದ್ದೀರಿ. ಈಗ ಒಂದೊಂದರಲ್ಲಿಯೂ ಬಾಯಿಬಿಟ್ಟು ಹೇಳದೆ ಉಳಿದಿರುವ ಆಧಾರವನ್ನು ಹೊರಗೆಳೆಯೋಣ.

ಸಂಪಾದಕೀಯ ಹೇಳಿದ ಎರಡು ಆಧಾರಗಳನ್ನೂ ಒಪ್ಪಿಕೊಂಡರೂ ಅದರ ತೀರ್ಮಾನ ಬರುವುದಿಲ್ಲ. ಬರಬೇಕಾದರೆ "ರೋಗಿಗಳಿಗೆ ತೊಂದರೆ ತರುವ ಯಾವ ಕೆಲಸಕ್ಕೂ ಸಮರ್ಥನೆಯಿಲ್ಲ" ಎಂಬ ಮೂರನೆಯ ಆಧಾರ ಬೇಕು. ಅದನ್ನು ಒಪ್ಪಿದರೆ ಸಂಬಳ ಕೊಡದೆ ನೌಕರರು ಕೆಲಸ ಬಿಡುವ ಸ್ಥಿತಿ ತಂದ ಆಡಳಿತದ ನಡೆಗೂ ಸಮರ್ಥನೆಯಿಲ್ಲ ಎನ್ನಬೇಕಾಗುತ್ತದೆ, ಆದರೆ ಸಂಪಾದಕೀಯ ಆ ಮಾತನ್ನು ಹೇಳುವುದಿಲ್ಲ. ಒಂದೇ ತತ್ತ್ವವನ್ನು ಒಂದು ಕಡೆಗೆ ಅನ್ವಯಿಸಿ ಇನ್ನೊಂದು ಕಡೆಗೆ ಅನ್ವಯಿಸದಿರುವುದು ಈ ಬರಹದ ನಿಜವಾದ ದೋಷ. ಇದು ಪತ್ರಿಕೆಯ ಮಾಲೀಕರು ಯಾರೆಂದು ತಿಳಿಯದಿದ್ದರೂ ತೋರಿಸಿಕೊಡಬಹುದಾದ ದೋಷ ಎಂಬುದನ್ನು ಗಮನಿಸಿ. ತುರ್ತು ಚಿಕಿತ್ಸೆ ನಡೆಯುತ್ತಿತ್ತೆಂಬ ಸಂಗತಿ ವರದಿಯಲ್ಲಿ ಬಿಟ್ಟುಹೋದದ್ದಕ್ಕೂ ಇಲ್ಲಿಯೇ ಮಹತ್ವ ಬರುತ್ತದೆ. "ಸೇವೆ ನಿಂತಿತು" ಎಂಬ ಆಧಾರ ಎಷ್ಟರಮಟ್ಟಿಗೆ ನಿಜ ಎಂಬುದೇ ಆ ಸಂಗತಿಯ ಮೇಲೆ ನಿಂತಿದೆ. ಪತ್ರಿಕೆ ಬಿಟ್ಟ ನೂರು ವಿವರಗಳಲ್ಲಿ ಯಾವುದು ದೊಡ್ಡದೆಂದು ತೀರ್ಮಾನಿಸುವ ಬಗೆ ಹೀಗೆ: ಆ ವಿವರ ಬಂದಿದ್ದರೆ ವಾದದ ಒಂದು ಆಧಾರ ಅಲುಗಾಡುತ್ತಿತ್ತೇ ಎಂದು ಕೇಳಿಕೊಳ್ಳಬೇಕು.

ಅಂಕಣದ ವಾದ ನಿಮಗೆ ಕಂಡಷ್ಟು ಗಟ್ಟಿಯಾಗಿಲ್ಲ. ಕಟ್ಟಡ ಕಟ್ಟಿಸಿದ್ದು ಸಂಗತಿಯೇ ಇರಬಹುದು. ಆದರೆ ಅದನ್ನು ಸಾಲದಿಂದ ಕಟ್ಟಿಸಿರಬಹುದು, ಆ ಸಾಲದ ಕಂತೇ ಈಗಿನ ನಷ್ಟಕ್ಕೆ ಕಾರಣವಾಗಿರಬಹುದು, ದಾನಿಗಳು ಕಟ್ಟಡಕ್ಕೆಂದೇ ಕೊಟ್ಟ ಹಣವಾಗಿರಬಹುದು. "ಕಟ್ಟಡ ಕಟ್ಟಿಸಿದವರ ಕೈಯಲ್ಲಿ ಸಂಬಳಕ್ಕೆ ಹಣವಿರಲೇಬೇಕು" ಎಂಬ ಹೇಳದ ಆಧಾರ ಸಂದೇಹಾಸ್ಪದ. ಅದು ನಿಂತರೂ "ಬೇಕೆಂದೇ" ಎಂಬ ಉದ್ದೇಶದ ಮಾತಿಗೆ ಬೇರೆ ಆಧಾರ ಬೇಕು.

ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ

ಎರಡನೆಯದು ಗಟ್ಟಿ ಎಂದು ಏಕೆ ಕಂಡಿತೆಂಬ ಪ್ರಶ್ನೆಯೂ ಇಲ್ಲಿ ಸೇರಬೇಕು. ವಿದ್ಯಾರ್ಥಿನಿಯನ್ನು ಚುಚ್ಚುವುದಕ್ಕಾಗಿ ಇದನ್ನು ಹೇಳುತ್ತಿಲ್ಲ, ಇದು ಎಲ್ಲರಲ್ಲಿಯೂ ನಡೆಯುವ ಪ್ರಕ್ರಿಯೆ.

1985ರಲ್ಲಿ ವಲ್ಲೋನ್, ರಾಸ್ ಮತ್ತು ಲೆಪ್ಪರ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. 1982ರಲ್ಲಿ ಲೆಬನಾನಿನ ಬೈರೂತ್‌ನ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಬಗ್ಗೆ ಟಿವಿಯಲ್ಲಿ ಪ್ರಸಾರವಾಗಿದ್ದ ಸುದ್ದಿಯ ತುಣುಕುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಸ್ರೇಲ್ ಪರವಾದ ವಿದ್ಯಾರ್ಥಿಗಳಿಗೂ ಅರಬರ ಪರವಾದ ವಿದ್ಯಾರ್ಥಿಗಳಿಗೂ ತೋರಿಸಿದರು. ತುಣುಕುಗಳು ಎರಡೂ ಗುಂಪಿಗೆ ಒಂದೇ ಆಗಿದ್ದವು. ಆದರೂ ಪ್ರತಿಯೊಂದು ಗುಂಪೂ ಅವು ತನ್ನ ಪಕ್ಷದ ವಿರುದ್ಧ ವಾಲಿವೆ ಎಂದಿತು, ತನ್ನ ಪಕ್ಷದ ಬಗ್ಗೆ ಪ್ರತಿಕೂಲವಾದ ಮಾತುಗಳೇ ಹೆಚ್ಚಾಗಿದ್ದವೆಂದು ನೆನಪಿಸಿಕೊಂಡಿತು. ಹಾಗಾಗಿ "ಇದು ನನಗೆ ಪಕ್ಷಪಾತಿಯಾಗಿ ಕಂಡಿತು" ಎಂಬ ಅನುಭವ ವರದಿಯ ಬಗ್ಗೆ ಎಷ್ಟು ಹೇಳುತ್ತದೆಯೋ ಓದಿದವರ ಬಗ್ಗೆಯೂ ಅಷ್ಟನ್ನೇ ಹೇಳಬಹುದು.

ನಿಮ್ಮ ಪಟ್ಟಿಯನ್ನು ಪರೀಕ್ಷಿಸಲು ಒಂದು ವಿಧಾನ ಸೂಚಿಸುತ್ತೇನೆ. ವರದಿಯ ಪ್ರತಿಯನ್ನು ತೆಗೆದುಕೊಂಡು ಎರಡು ಪಕ್ಷಗಳ ಹೆಸರನ್ನು ಅದಲುಬದಲು ಮಾಡಿ. ಸಂಘದವರು "ಸ್ಪಷ್ಟಪಡಿಸಿದರು", ಆಡಳಿತದವರು "ಆರೋಪಿಸಿದರು" ಎಂದಾಗಲೂ ನಿಮಗೆ ಅದು ಆಕ್ಷೇಪಾರ್ಹವಾಗಿ ಕಂಡರೆ ಆ ಅಂಶವನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ. ಕಾಣದಿದ್ದರೆ ನಿಮ್ಮ ಆಕ್ಷೇಪ ಪದದ ಬಗ್ಗೆ ಇರಲಿಲ್ಲವೆಂದು ಅರ್ಥ.

ಒಂದೇ ಸಂಗತಿಯನ್ನು ಹೇಳುವ ಚೌಕಟ್ಟು ಬದಲಾದರೆ ತೀರ್ಮಾನ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞರಾದ ಟ್ವರ್‌ಸ್ಕಿ ಮತ್ತು ಕಾನೆಮನ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. 600 ಜನರ ಜೀವಕ್ಕೆ ಕುತ್ತು ತರುವ ರೋಗವೊಂದನ್ನು ಎದುರಿಸುವ ಎರಡು ಯೋಜನೆಗಳಲ್ಲಿ ಒಂದನ್ನು ಆರಿಸಬೇಕಿತ್ತು. "200 ಜನ ಖಚಿತವಾಗಿ ಉಳಿಯುತ್ತಾರೆ" ಎಂದು ಹೇಳಿದಾಗ ಶೇ 72ರಷ್ಟು ಜನ ಆ ಯೋಜನೆಯನ್ನೇ ಆರಿಸಿದರು. ಇನ್ನೊಂದು ಗುಂಪಿಗೆ ಅದೇ ಯೋಜನೆಯನ್ನು "400 ಜನ ಖಚಿತವಾಗಿ ಸಾಯುತ್ತಾರೆ" ಎಂದು ಹೇಳಿದಾಗ ಅದನ್ನು ಆರಿಸಿದವರು ಶೇ 22 ಮಾತ್ರ. ಎರಡೂ ವಾಕ್ಯಗಳು ನಿಜ, ಲೆಕ್ಕವೂ ಒಂದೇ. "ರೋಗಿಗಳ ಪರದಾಟ" ಮತ್ತು "ಸಂಬಳ ಬಾಕಿ" ಎಂಬ ನಿಮ್ಮ ಎರಡು ತಲೆಬರಹಗಳೂ ಹೀಗೆಯೇ ಏಕಕಾಲಕ್ಕೆ ನಿಜವಾಗಿರಬಹುದು.

ಬೇಸತ್ತ ಓದುಗ

ಹಾಗಾದರೆ ಓದುವವರ ತಲೆಯೂ ಕೆಟ್ಟಿದೆ, ಬರೆಯುವವರ ತಲೆಯೂ ಕೆಟ್ಟಿದೆ ಎಂದಾಯಿತು. ನಾನು ಹೇಳಿದ್ದೂ ಅದನ್ನೇ ಅಲ್ಲವೇ?

ನಿವೃತ್ತ ಉಪಸಂಪಾದಕ

ಅಲ್ಲ. ವರದಿ ಸರಿಯಿತ್ತೋ ಇಲ್ಲವೋ ಎಂದು ಓದುವವರ ಅಭಿಪ್ರಾಯವನ್ನು ನೆಚ್ಚದೆ ಅಳೆಯಬಹುದು. ಅದಕ್ಕೆ ನೂರು ವರ್ಷ ಹಿಂದಿನ ಒಂದು ಮಾದರಿಯೇ ಇದೆ. ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ಎಂಬ ಇಬ್ಬರು ಪತ್ರಕರ್ತರು 1917ರ ಮಾರ್ಚ್‌ನಿಂದ 1920ರ ಮಾರ್ಚ್‌ವರೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಷ್ಯಾದ ಕ್ರಾಂತಿಯ ಬಗ್ಗೆ ಪ್ರಕಟಿಸಿದ ಸುದ್ದಿಗಳನ್ನೆಲ್ಲ ಓದಿದರು. ಕ್ರಾಂತಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಅವರು ಹೋಗಲಿಲ್ಲ. ಪರ ಮತ್ತು ವಿರೋಧ ಇಬ್ಬರೂ ಒಪ್ಪುವ ಕೆಲವೇ ಘಟನೆಗಳನ್ನು ಅಳತೆಗೋಲಾಗಿ ಇಟ್ಟುಕೊಂಡು, ಆ ಘಟನೆಗಳಿಗೆ ಓದುಗರನ್ನು ಸುದ್ದಿ ಸಿದ್ಧಗೊಳಿಸಿತ್ತೇ ಎಂದಷ್ಟೇ ಕೇಳಿದರು. ಕ್ರಾಂತಿಯಲ್ಲಿ ಅಧಿಕಾರ ಹಿಡಿದ ಬೊಲ್ಷೆವಿಕರು 1920ರ ಮಾರ್ಚ್‌ನಲ್ಲಿಯೂ ಅಧಿಕಾರದಲ್ಲಿದ್ದರು ಎಂಬುದು ಅಂಥ ಒಂದು ಘಟನೆ. ಆದರೆ ಆ ಆಡಳಿತ ಕುಸಿದಿದೆ ಅಥವಾ ಇನ್ನೇನು ಕುಸಿಯಲಿದೆ ಎಂದು ಪತ್ರಿಕೆ 91 ಬಾರಿ ಸೂಚಿಸಿತ್ತು. ಪಿತೂರಿ ನಡೆಯಿತೆಂದು ಅವರು ಆರೋಪಿಸಲಿಲ್ಲ, ಬರೆದವರ ಮನಸ್ಸಿನಲ್ಲಿದ್ದ ಆಸೆ ಮತ್ತು ಭಯಗಳೇ ಸುದ್ದಿಯನ್ನು ತಿದ್ದಿದವು ಎಂದರು. ಇಬ್ಬರಲ್ಲಿ ಒಬ್ಬರಾದ ಮರ್ಜ್ ಮುಂದೆ ಅದೇ ಪತ್ರಿಕೆಯ ಸಂಪಾದಕೀಯ ಪುಟದ ಮುಖ್ಯಸ್ಥರಾದರು ಎಂಬುದನ್ನೂ ಹೇಳಬೇಕು.

ನಿಮ್ಮ ಅಸೈನ್‌ಮೆಂಟಿಗೆ ಇದನ್ನು ಹೀಗೆ ಅಳವಡಿಸಬಹುದು. ಮುಷ್ಕರದ ಮೊದಲ ದಿನದ ವರದಿಯೊಂದನ್ನೇ ಹಿಡಿದುಕೊಳ್ಳಬೇಡಿ, ಮುಷ್ಕರ ಮುಗಿದ ಮೇಲಿನ ವರದಿಗಳವರೆಗೂ ಓದಿ. ಬಾಕಿ ಸಂಬಳ ಕೊಟ್ಟರೇ, ಎಷ್ಟು ಕೊಟ್ಟರು, ಯಾವ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು ಎಂಬುದು ಇಬ್ಬರೂ ಒಪ್ಪಿದ ಸಂಗತಿಯಾಗಿರುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಹಿಂದಕ್ಕೆ ಹೋಗಿ, ಯಾವ ಪತ್ರಿಕೆಯ ಓದುಗರಿಗೆ ಅದು ಅನಿರೀಕ್ಷಿತವಾಗಿ ಕಾಣುತ್ತಿತ್ತು ಎಂದು ನೋಡಿ.

ಇನ್ನೊಂದು ಮಾತು. ನಾವು ಕೆಲಸಕ್ಕೆ ಸೇರಿದಾಗ ಕಲಿಸುತ್ತಿದ್ದದ್ದು ಎರಡೂ ಕಡೆಯವರ ಹೇಳಿಕೆಗೆ ಸಮನಾದ ಜಾಗ ಕೊಡಬೇಕೆಂಬುದನ್ನು. ಇಂಥ ಕಾರ್ಮಿಕ ವಿವಾದಕ್ಕೆ ನಾನು ಈಗಲೂ ಅದನ್ನೇ ಹೇಳುತ್ತೇನೆ.

ಸಂಖ್ಯಾಶಾಸ್ತ್ರದ ಉಪನ್ಯಾಸಕ

ಸಮನಾದ ಜಾಗದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ ಸರ್. ಬೇಡಿಕೆ ನ್ಯಾಯವೇ ಅಲ್ಲವೇ ಎಂಬಂಥ ಪ್ರಶ್ನೆಗೆ ಅದು ಸರಿ. ಆದರೆ ಸಾಕ್ಷ್ಯದಿಂದ ತೀರ್ಮಾನವಾಗುವ ಪ್ರಶ್ನೆಗೂ ಅದನ್ನೇ ಅನ್ವಯಿಸಿದರೆ ಸಮತೋಲನವೇ ಪಕ್ಷಪಾತವಾಗುತ್ತದೆ. ಸಂಶೋಧಕರಾದ ಬಾಯ್ಕಾಫ್ ಸಹೋದರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ನಾಲ್ಕು ಪ್ರತಿಷ್ಠಿತ ಪತ್ರಿಕೆಗಳಲ್ಲಿ 1988ರಿಂದ 2002ರವರೆಗೆ ಹವಾಮಾನ ಬದಲಾವಣೆಯ ಕುರಿತು ಬಂದ 636 ಬರಹಗಳನ್ನು ಪರಿಶೀಲಿಸಿದ್ದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು "ಮನುಷ್ಯರ ಪಾತ್ರವಿದೆ" ಎಂಬ ನಿಲುವಿಗೂ "ಇದು ಕೇವಲ ಸ್ವಾಭಾವಿಕ ಏರಿಳಿತ" ಎಂಬ ನಿಲುವಿಗೂ ಹೆಚ್ಚುಕಡಿಮೆ ಸಮನಾದ ಗಮನ ಕೊಟ್ಟಿದ್ದವು, ವಿಜ್ಞಾನಿಗಳ ನಡುವೆ ಅಂಥ ಸಮಪಾಲು ಇಲ್ಲದಿದ್ದರೂ. ಆಸ್ಪತ್ರೆ ನಷ್ಟದಲ್ಲಿತ್ತೇ ಎಂಬುದು ಇಬ್ಬರ ಹೇಳಿಕೆ ಕೇಳಿ ಬಿಡುವ ಪ್ರಶ್ನೆಯಲ್ಲ, ಲೆಕ್ಕಪತ್ರ ನೋಡಿ ಉತ್ತರಿಸಬೇಕಾದ ಪ್ರಶ್ನೆ.

ಅಂಕಿಗಳಿರುವ ಕಡೆ ಇನ್ನೊಂದು ಎಚ್ಚರಿಕೆ ಬೇಕು. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಮೂರನೆಯ ತಲೆಮಾರಿನ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹಿಂದಿನ ತಲೆಮಾರಿನ ಮಾತ್ರೆಗಳಿಗಿಂತ ಇಮ್ಮಡಿಯಾಗುತ್ತದೆ ಎಂದು ಎಚ್ಚರಿಸಿತು, ಮಾಧ್ಯಮಗಳೂ ಅದನ್ನೇ ಸಾರಿದವು. ಅದು ನಿಜವೂ ಆಗಿತ್ತು. ಆದರೆ 7,000 ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ಇದ್ದ ಅಪಾಯ ಸುಮಾರು ಇಬ್ಬರಿಗೆ ಏರಿತ್ತೆಂಬುದೇ ಆ ಮಾತಿನ ಅರ್ಥ. ಹೆದರಿದ ಅನೇಕರು ಮಾತ್ರೆಯನ್ನು ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜಿಸಲಾಗಿದೆ. ಗರ್ಭಧಾರಣೆಯಲ್ಲಿಯೂ ಗರ್ಭಪಾತದಲ್ಲಿಯೂ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಹೆಚ್ಚು. ಸುಳ್ಳಿನ ಒಂದು ಅಕ್ಷರವೂ ಇಲ್ಲದ ಸುದ್ದಿ ಇಷ್ಟು ಹಾನಿ ಮಾಡಬಲ್ಲದು ಎಂಬುದು ನನ್ನನ್ನು ಈಗಲೂ ಕಾಡುವ ಸಂಗತಿ. ನಿಮ್ಮ ವರದಿಗಳಲ್ಲಿ "ನೂರಾರು ರೋಗಿಗಳು" ಎಂದಿದ್ದರೆ ಎಷ್ಟರಲ್ಲಿ ನೂರಾರು, ಸಾಮಾನ್ಯ ದಿನದಲ್ಲಿ ಎಷ್ಟು ಎಂದು ಕೇಳಿ.

ನಿವೃತ್ತ ಉಪಸಂಪಾದಕ

ಒಪ್ಪುತ್ತೇನೆ. ನ್ಯಾಯಾನ್ಯಾಯದ ಪ್ರಶ್ನೆಗೆ ಇಬ್ಬರ ಮಾತೂ ಬೇಕು, ಸಂಗತಿಯ ಪ್ರಶ್ನೆಗೆ ದಾಖಲೆ ಬೇಕು. ಹೊತ್ತಿಲ್ಲದಾಗ ದಾಖಲೆಯ ಬದಲು ಇನ್ನೊಂದು ಹೇಳಿಕೆ ಹಾಕಿ ಕೈತೊಳೆದುಕೊಳ್ಳುವುದು ನಮ್ಮ ವೃತ್ತಿಯ ಹಳೆಯ ಅಭ್ಯಾಸ.

ಗ್ರಂಥಪಾಲಕಿ

ದಾಖಲೆ ಹುಡುಕುವ ಮಾತು ಬಂದದ್ದರಿಂದ ಒಂದು ಸಣ್ಣ ಸಲಹೆ. ಸ್ಟ್ಯಾನ್‌ಫರ್ಡ್‌ನ ವೈನ್‌ಬರ್ಗ್ ಮತ್ತು ಮೆಕ್‌ಗ್ರೂ ಎಂಬ ಸಂಶೋಧಕರು 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿನಿರತ ಸತ್ಯಶೋಧಕರು (ಫ್ಯಾಕ್ಟ್ ಚೆಕರ್‌ಗಳು) ಮತ್ತು 25 ವಿದ್ಯಾರ್ಥಿಗಳು ಅಪರಿಚಿತ ಜಾಲತಾಣಗಳನ್ನು ಹೇಗೆ ಪರಿಶೀಲಿಸುತ್ತಾರೆಂದು ಗಮನಿಸಿದರು. ವಿದ್ಯಾರ್ಥಿಗಳೂ ಹಲವು ಇತಿಹಾಸಕಾರರೂ ಆ ತಾಣದಲ್ಲಿಯೇ ಉಳಿದು, ಅದರ ವಿನ್ಯಾಸವನ್ನೂ "ನಮ್ಮ ಬಗ್ಗೆ" ಪುಟವನ್ನೂ ಓದಿದರು. ಸತ್ಯಶೋಧಕರು ತಕ್ಷಣವೇ ತಾಣವನ್ನು ಬಿಟ್ಟು ಹೊಸ ಟ್ಯಾಬುಗಳನ್ನು ತೆರೆದು, ಆ ಸಂಸ್ಥೆಯ ಬಗ್ಗೆ ಇತರರು ಏನು ಹೇಳಿದ್ದಾರೆಂದು ನೋಡಿದರು, ಕಡಿಮೆ ಹೊತ್ತಿನಲ್ಲಿ ಹೆಚ್ಚು ಸರಿಯಾದ ತೀರ್ಮಾನಕ್ಕೆ ಬಂದರು. ನೀವು ಎರಡು ವರದಿಗಳನ್ನು ಸಾಲುಸಾಲಾಗಿ ಓದಿರುವುದು ಒಳ್ಳೆಯದೇ. ಈಗ ಅವುಗಳಿಂದ ಹೊರಗೆ ಬಂದು ಮೂರನೆಯ, ನಾಲ್ಕನೆಯ ಮೂಲವನ್ನು ನೋಡಿ. ಸುದ್ದಿಸಂಸ್ಥೆಯ ಒಂದೇ ಪ್ರತಿಯನ್ನು ಹಲವು ಪತ್ರಿಕೆಗಳು ಬಳಸಿರುವುದುಂಟು, ಹಾಗಿದ್ದರೆ ಅವನ್ನೆಲ್ಲ ಸೇರಿಸಿ ಒಂದು ಮೂಲವೆಂದೇ ಎಣಿಸಬೇಕು.

ಪದವಿ ವಿದ್ಯಾರ್ಥಿನಿ

ಹೆಸರು ಅದಲುಬದಲು ಮಾಡುವ ಪರೀಕ್ಷೆ ಮಾಡಿದೆ. ಕ್ರಿಯಾಪದಗಳ ಆಕ್ಷೇಪ ಎರಡೂ ಕಡೆ ನಿಂತಿತು. ಛಾಯಾಚಿತ್ರಗಳ ಬಗ್ಗೆ ನಾನು ಬರೆದುಕೊಂಡಿದ್ದ ಟಿಪ್ಪಣಿ ನಿಲ್ಲದ ಕಾರಣ ತೆಗೆದುಹಾಕಿದ್ದೇನೆ. ಮುಷ್ಕರ ಮುಗಿದ ದಿನದ ವರದಿಗಳೂ ಸಿಕ್ಕಿವೆ. ಬಾಕಿಯನ್ನು ಕಂತುಗಳಲ್ಲಿ ಕೊಡಲು ಆಡಳಿತ ಒಪ್ಪಿದೆ ಎಂದು ಎರಡೂ ಪತ್ರಿಕೆಗಳು ಬರೆದಿವೆ. ಮೊದಲ ಪತ್ರಿಕೆಯನ್ನಷ್ಟೇ ಓದಿದವರಿಗೆ ಬಾಕಿ ಇತ್ತೆಂಬುದು ಆ ದಿನವೇ ಮೊದಲ ಬಾರಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಹೊಸದಾಗಿ ಬರೆದ ಒಂದು ಪ್ಯಾರಾ ಇಲ್ಲಿದೆ: "ಸಂಪಾದಕೀಯದ ತೀರ್ಮಾನವು ಸೇವೆ ಪೂರ್ತಿಯಾಗಿ ನಿಂತಿತೆಂಬ ಆಧಾರದ ಮೇಲೆ ನಿಂತಿದೆ. ತುರ್ತು ಚಿಕಿತ್ಸೆ ಮುಂದುವರಿದಿತ್ತೆಂಬ ಸಂಗತಿಯನ್ನು ಪತ್ರಿಕೆ ಮರೆಮಾಚಿದೆ. ಅಂಕಣದ ತೀರ್ಮಾನವು ಕಟ್ಟಡಕ್ಕೆ ಹಣವಿದ್ದವರಿಗೆ ಸಂಬಳಕ್ಕೂ ಹಣವಿರಬೇಕೆಂಬ ಊಹೆಯ ಮೇಲೆ ನಿಂತಿದೆ. ಆ ಊಹೆಯನ್ನು ಸಮರ್ಥಿಸುವ ದಾಖಲೆಯನ್ನು ಅಂಕಣಕಾರರು ಕೊಟ್ಟಿಲ್ಲ."

ನಿವೃತ್ತ ಉಪಸಂಪಾದಕ

ಪ್ಯಾರಾ ಗಟ್ಟಿಯಾಗಿದೆ. "ಮರೆಮಾಚಿದೆ" ಎಂಬುದನ್ನು ಮಾತ್ರ "ಬರೆದಿಲ್ಲ" ಎಂದು ತಿದ್ದಿ. ಮರೆಮಾಚಿದರು ಎನ್ನಲು ಅವರಿಗೆ ಆ ಸಂಗತಿ ಗೊತ್ತಿತ್ತೆಂದು ನೀವು ತೋರಿಸಬೇಕಾಗುತ್ತದೆ. ಬೇರೆ ದಿನದ ವರದಿಯಲ್ಲಿ ಅವರೇ ತುರ್ತು ಚಿಕಿತ್ಸೆಯ ಪ್ರಸ್ತಾಪ ಮಾಡಿದ್ದರೆ ಆಗ ಪದವನ್ನು ಮರಳಿ ತರಬಹುದು.

ಪದವಿ ವಿದ್ಯಾರ್ಥಿನಿ

ತಿದ್ದಿದ್ದೇನೆ ಸರ್. ಆಸ್ಪತ್ರೆಯ ವಾರ್ಷಿಕ ಲೆಕ್ಕಪತ್ರ ಸಾರ್ವಜನಿಕವಾಗಿ ಲಭ್ಯವಿದೆಯೆಂದು ಗೊತ್ತಾಗಿದೆ. ಆದರೆ ಅದನ್ನು ಓದುವ ಅಭ್ಯಾಸ ನನಗಿಲ್ಲ. ನಷ್ಟದ ಮಾತು ನಿಜವೇ ಎಂದು ತಿಳಿಯಲು ಅದರಲ್ಲಿ ಎಲ್ಲಿ ನೋಡಬೇಕು?

ಸಂಖ್ಯಾಶಾಸ್ತ್ರದ ಉಪನ್ಯಾಸಕ

ಮೂರು ಜಾಗ ನೋಡಿದರೆ ನಿಮ್ಮ ಪ್ರಶ್ನೆಗೆ ಸಾಕು. ಲಾಭ ನಷ್ಟದ ತಃಖ್ತೆಯಲ್ಲಿ ಆ ವರ್ಷದ ಕೊನೆಯ ಮೊತ್ತ ಲಾಭವೋ ನಷ್ಟವೋ ಎಂಬುದು ಸಿಗುತ್ತದೆ. ಕಟ್ಟಡದ ವೆಚ್ಚ ಬಂಡವಾಳ ವೆಚ್ಚ, ಅಂದರೆ ಹಲವು ವರ್ಷ ಬಳಸುವ ಆಸ್ತಿಗೆ ಮಾಡಿದ ವೆಚ್ಚ, ಆದ್ದರಿಂದ ಅಲ್ಲಿ ಒಮ್ಮೆಲೇ ಕಾಣುವುದಿಲ್ಲ, ಸವಕಳಿಯ (ಬಳಕೆಯಿಂದ ಇಳಿಯುವ ಬೆಲೆಯ) ರೂಪದಲ್ಲಿ ವರ್ಷವರ್ಷವೂ ಸ್ವಲ್ಪಸ್ವಲ್ಪ ಕಾಣುತ್ತದೆ. ಆಸ್ತಿ ಹೊಣೆಗಾರಿಕೆಯ ಪಟ್ಟಿಯಲ್ಲಿ ಆ ವರ್ಷ ಸಾಲ ಎಷ್ಟು ಏರಿತೆಂದು ನೋಡಿದರೆ ಕಟ್ಟಡ ಸಾಲದ್ದೋ ಸ್ವಂತ ಹಣದ್ದೋ ಎಂಬುದರ ಅಂದಾಜು ಸಿಗುತ್ತದೆ. ಕೊನೆಯದಾಗಿ ನಗದು ಹರಿವಿನ ವಿವರ ನೋಡಿ, ಏಕೆಂದರೆ ಪುಸ್ತಕದಲ್ಲಿ ನಷ್ಟ ತೋರಿಸುವ ಸಂಸ್ಥೆಯ ಕೈಯಲ್ಲಿ ಸಂಬಳಕ್ಕೆ ಬೇಕಾದ ನಗದು ಇರಬಹುದು, ಲಾಭ ತೋರಿಸುವ ಸಂಸ್ಥೆಯ ಕೈಯಲ್ಲಿ ಇಲ್ಲದಿರಬಹುದು. ಲೆಕ್ಕಪರಿಶೋಧಕರ ಟಿಪ್ಪಣಿಗಳನ್ನು ಬಿಡಬೇಡಿ, ಸಿಬ್ಬಂದಿಗೆ ಕೊಡಬೇಕಾದ ಬಾಕಿಯ ಉಲ್ಲೇಖವಿದ್ದರೆ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಆ ಪುಟಗಳಲ್ಲಿ ಯಾವುದಾದರೂ ಅರ್ಥವಾಗದಿದ್ದರೆ ಇಲ್ಲಿಯೇ ಕೇಳಿ.